ಆವಕ, ಜಾವಕ ಮತ್ತು ನಮ್ಮ ಮನೆಯ ನೀರಿನ ಯಂತ್ರ

ಆರಂಭದಲ್ಲಿಯೇ ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಲೇಖಕನಲ್ಲ. ಆದರೆ ಬರೆಯುವುದು ನನಗೆ ಹೊಸದೂ ಅಲ್ಲ. ಕೊಪ್ಪಳವು ಜಿಲ್ಲೆಯಾದ ವರ್ಷವೇ ಸರಕಾರಿ ಸೇವೆಗೆ ಸೇರಿದ ನಾನು ಅಂದಿನಿಂದ ಇಂದಿನವರೆಗೆ ಬರೆದ ಪತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ನಮ್ಮ ಕಚೇರಿಯ ಮಾಳಿಗೆಯನ್ನು ಮುಟ್ಟೀತು. ಅವುಗಳಲ್ಲಿ ಒಂದರ ಕೆಳಗೂ ನನ್ನ ಸಹಿಯಿಲ್ಲ. ಪತ್ರದೊಳಗೆ ಎಲ್ಲವೂ 'ತಿಳಿಸಲಾಗಿದೆ', 'ಸೂಚಿಸಲಾಗಿದೆ', 'ಕ್ರಮ ಕೈಗೊಳ್ಳಲಾಗಿದೆ'. ಕೆಲಸಗಳೆಲ್ಲ ಆಗಿರುತ್ತವೆ, ಮಾಡಿದವರು ಮಾತ್ರ ಯಾರೂ ಇರುವುದಿಲ್ಲ. ಹೀಗಿರುವಾಗ ನಾನೇ, ನನ್ನ ಸ್ವಂತ ಕೈಯಿಂದಲೇ ಮಾಡಿದ ಒಂದು ಕೆಲಸದ ಬಗ್ಗೆ ಬರೆಯಲು ಕುಳಿತಿದ್ದೇನೆ. ಮೂರು ಬಾರಿ ಕರಡು ಹರಿದಿದ್ದೇನೆ. ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ವಿನಂತಿ. ಹೆಮ್ಮೆ ಹೆಚ್ಚಾಗಿ ಕಂಡುಬಂದಲ್ಲಿ ಅದನ್ನೂ ಮನ್ನಿಸಬೇಕು, ಏಕೆಂದರೆ ಅದು ವಾಸ್ತವವಾಗಿ ಹೆಚ್ಚೇ ಇದೆ.

ವಿಷಯಕ್ಕೆ ಬರುತ್ತೇನೆ. ನಾವು ವಾಸವಾಗಿರುವುದು ಕೊಪ್ಪಳದ ಹಳೆಯ ಭಾಗದ ಒಂದು ಓಣಿಯಲ್ಲಿ. ಈ ಓಣಿಗೆ ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತದೆ. ಎಂಟು ಎಂಬುದು ಅಂದಾಜು. ಏಳಕ್ಕೂ ಬಂದಿದೆ, ಹನ್ನೊಂದಕ್ಕೂ ಬಂದಿದೆ. ದಿನವನ್ನು ಊಹಿಸಬಹುದು, ಹೊತ್ತನ್ನು ಊಹಿಸಲಾಗದು. ಬಂದರೆ ಒಂದು ತಾಸು, ಹೆಚ್ಚೆಂದರೆ ಒಂದೂವರೆ ತಾಸು. ನೀರು ಮೊದಲು ಗೇಟಿನ ಬಳಿಯಿರುವ ನೆಲತೊಟ್ಟಿಗೆ ಬೀಳುತ್ತದೆ. ಅದು ನನ್ನ ತಂದೆಯವರು ತಮ್ಮ ಕಾಲದ ಸಂಸಾರಕ್ಕೆಂದು ಕಟ್ಟಿಸಿದ ಸಣ್ಣ ತೊಟ್ಟಿ; ಕಾಲು ತಾಸಿನೊಳಗೆ ತುಂಬಿ ಓಣಿಗೆ ಹರಿಯತೊಡಗುತ್ತದೆ. ಅಷ್ಟರೊಳಗೆ ಯಾರಾದರೂ ಹಿತ್ತಲಿಗೆ ಓಡಿಹೋಗಿ ಮೋಟರು ಹಚ್ಚಬೇಕು. ಮೋಟರು ತೊಟ್ಟಿಯ ನೀರನ್ನು ಮಾಳಿಗೆಯ ಮೇಲಿನ ಟಾಕಿಗೆ ಏರಿಸುತ್ತದೆ. ಹಚ್ಚದಿದ್ದರೆ ಮುಂದಿನ ಎಂಟು ದಿನ ಕೊಡ ಹಿಡಿದು ಕಂಡವರ ಬಾಗಿಲಲ್ಲಿ ನಿಲ್ಲಬೇಕು. ನೆರೆಯವರಿಗೆ ಹೇಳಿ ಹೋಗಬಹುದಲ್ಲ ಎಂದು ಓದುಗರು ಕೇಳಬಹುದು. ನೀರು ಬಂದಾಗ ಇಡೀ ಓಣಿಯೇ ತನ್ನ ತನ್ನ ಹಿತ್ತಲಿಗೆ ಓಡುತ್ತದೆ. ಇನ್ನೊಬ್ಬರ ಹಿತ್ತಲಿಗೆ ಓಡುವುದಕ್ಕೆ ಆ ಹೊತ್ತಿನಲ್ಲಿ ಯಾರ ಬಳಿಯೂ ಹೆಚ್ಚಿನ ಕಾಲುಗಳಿರುವುದಿಲ್ಲ. ಮೇಲೆ 'ಯಾರಾದರೂ' ಎಂದು ಬರೆದಿದ್ದೇನೆ. ಅದು ಕಚೇರಿಯ ಅಭ್ಯಾಸಬಲ. ವಸ್ತುಸ್ಥಿತಿಯಲ್ಲಿ ಆ 'ಯಾರಾದರೂ' ಎಂದರೆ ನನ್ನ ಪತ್ನಿ ಗಿರಿಜಾ.

ಈ ನೀರಿನ ಕಾವಲಿನಿಂದಾಗಿ ಗಿರಿಜಾಳಿಗೆ ಕಳೆದ ಆರು ವರ್ಷಗಳಲ್ಲಿ ತಪ್ಪಿದ ಕಾರ್ಯಗಳು ಹಲವಾರು. ಕುಷ್ಟಗಿಯ ಸೋದರಮಾವನ ಮನೆಯ ವಾಸ್ತುಶಾಂತಿಗೆ ಹೊರಟು ಸೀರೆ ಉಟ್ಟು ಹೊಸ್ತಿಲು ದಾಟುವಾಗ ನಳವು ಬುಸುಗುಟ್ಟಿತು. ಅದೇ ಸೀರೆಯ ನೆರಿಗೆ ಎತ್ತಿ ಕಟ್ಟಿ ಅವಳು ಹಿತ್ತಲಿಗೆ ಓಡಿದಳು. ಯಲಬುರ್ಗಾದ ಗೆಳತಿಯ ಮಗನ ಮೊದಲ ಕೂದಲು ತೆಗೆಸುವ ಜವಳಕ್ಕೆ ಹೋಗಲಾಗಲಿಲ್ಲ, ಆ ಗೆಳತಿ ಇಂದಿಗೂ ಫೋನಿನಲ್ಲಿ ಮೊದಲು "ನೀರು ಬಂತೇನವಾ?" ಎಂದು ಕೇಳಿಯೇ ಮುಂದಿನ ಮಾತಾಡುತ್ತಾಳೆ. ಇವನ್ನೆಲ್ಲ ಗಿರಿಜಾ ನುಂಗಿಕೊಂಡಿದ್ದಳು. ಆದರೆ ಗಂಗಾವತಿಯಲ್ಲಿರುವ ಅವಳ ಅಕ್ಕ ನೀಲಮ್ಮನ ಮಗಳು ಸವಿತಾಳ ಕುಬಸದ, ಅಂದರೆ ಸೀಮಂತದ, ಮಾತು ಬಂದಾಗ ಪರಿಸ್ಥಿತಿ ಬೇರೆಯಾಯಿತು. ಸವಿತಾ ಹೈಸ್ಕೂಲಿನ ಮೂರು ವರ್ಷ ನಮ್ಮ ಮನೆಯಲ್ಲಿದ್ದು ಓದಿದವಳು. ನಮಗೆ ಮಕ್ಕಳಿಲ್ಲ. ಅವಳ ಜಡೆ ಹೆಣೆದದ್ದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಪರೀಕ್ಷೆಯ ದಿನ ಸಾಲೆಯ ಗೇಟಿನವರೆಗೆ ಬಿಟ್ಟು ಬಂದದ್ದು, ಎಲ್ಲವೂ ಗಿರಿಜಾಳೇ.

"ಏನ್ರಿ, ಸವಿತಾ ಫೋನ್ ಮಾಡಿದ್ಲು. ಮುಂದಿನ ತಿಂಗಳ ಕಡೀ ಶುಕ್ರವಾರ ಕುಬಸ ಇಟ್ಟಾರಂತ. 'ಚಿಗವ್ವ, ಮೊದಲ ಉಡಿ ನೀನ ತುಂಬಬೇಕು, ನೀ ಬರೂತನಾ ನಾ ಮಣಿ ಮ್ಯಾಲೆ ಕುಂದ್ರೂದಿಲ್ಲ' ಅಂತ ಹಟಾ ಮಾಡ್ಯಾಳ."

"ಹೋಗಿ ಬಾ, ಅದರಾಗೇನೈತಿ?"

"ಹೋಗಿ ಬಾ ಅನ್ನೂದು ಬಾಯಾಗಿನ ಮಾತು. ನೀರು ಯಾರಪ್ಪ ತುಂಬತಾನ?"

ನಾನು ಅತ್ಯಂತ ಗಂಭೀರವಾಗಿ ಉತ್ತರಿಸಿದೆ: "ಯಂತ್ರ ಮಾಡತೀನಿ."

ಗಿರಿಜಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀವು?" ಎಂದಳು. ಈ ಒಂದು ಪದಕ್ಕೆ ಉತ್ತರವಾಗಿಯೇ ಮುಂದಿನ ಎಲ್ಲ ಕ್ರಮಗಳನ್ನು ಕೈಗೊಳ್ಳಲಾಯಿತು.

ಯಂತ್ರದ ವಿಚಾರ ನನ್ನ ತಲೆಗೆ ಬಂದದ್ದು ಆಕಸ್ಮಿಕವಲ್ಲ. ಕೆಲವು ತಿಂಗಳ ಹಿಂದೆ ಕಚೇರಿಯ ಒಂದು ಮುದ್ದಾಂ ಟಪಾಲನ್ನು ಖುದ್ದಾಗಿ ತಲುಪಿಸಲು ತಳಕಲ್ಲಿನ ಇಂಜಿನಿಯರಿಂಗ್ ಕಾಲೇಜಿಗೆ ಹೋಗಿದ್ದೆ. ಅಲ್ಲಿ ವಿದ್ಯಾರ್ಥಿನಿಯರು ಮೇಜಿನ ಮೇಲೆ ಅಂಗೈಯಗಲದ ನೀಲಿ ಹಲಗೆಗಳನ್ನಿಟ್ಟು ಪ್ರದರ್ಶನ ಮಾಡುತ್ತಿದ್ದರು. ಒಬ್ಬಾಕೆ ಲೋಟಕ್ಕೆ ನೀರು ಸುರಿದರೆ ದೂರದಲ್ಲಿದ್ದ ದೀಪ ಹತ್ತುತ್ತಿತ್ತು. ನಡುವೆ ತಂತಿಯೇ ಇರಲಿಲ್ಲ. ನಾನು ಸ್ವೀಕೃತಿ ಸಹಿ ಪಡೆದ ಮೇಲೂ ಒಂದು ತಾಸು ಅಲ್ಲಿಯೇ ನಿಂತು, ಹಲಗೆಯ ಹೆಸರು, ಬಿಡಿಭಾಗಗಳ ಹೆಸರು ಎಲ್ಲವನ್ನೂ ಟಪಾಲು ಲಕೋಟೆಯ ಹಿಂಭಾಗದಲ್ಲಿ ಬರೆದುಕೊಂಡೆ. ತಂತಿಯಿಲ್ಲದಿರುವುದು ನನಗೆ ಮುಖ್ಯವಾಗಿತ್ತು. ಹಿಂದೊಮ್ಮೆ ಗೇಟಿನಿಂದ ಹಿತ್ತಲಿನವರೆಗೆ ಕರೆಗಂಟೆಯ ತಂತಿ ಎಳೆಸಿದ್ದೆ. ನಮ್ಮ ಓಣಿಯ ಹೆಗ್ಗಣಗಳು ಸದರಿ ತಂತಿಯನ್ನು ಒಂದೇ ವಾರದಲ್ಲಿ ಮೂರು ಕಡೆ ವಿಲೇವಾರಿ ಮಾಡಿದ್ದವು.

ಯೋಜನೆ ಹೀಗಿತ್ತು. ಗೇಟಿನ ತೊಟ್ಟಿಯಲ್ಲಿ ಒಂದು ಹಲಗೆ, ಹಿತ್ತಲಿನ ಮೋಟರಿನ ಬಳಿ ಇನ್ನೊಂದು ಹಲಗೆ. ಹಲಗೆ ಎಂದರೆ ಮೈಕ್ರೋಕಂಟ್ರೋಲರ್ ಬೋರ್ಡು. ಅದು ಆಲೋಚಿಸುತ್ತದೆ, ಆದರೆ ದೂರಕ್ಕೆ ಮಾತಾಡಲಾರದು. ಅದರ ಪರವಾಗಿ ಗಾಳಿಯಲ್ಲಿ ಮಾತಾಡುವುದಕ್ಕೆ ಪ್ರತಿಯೊಂದು ಬೋರ್ಡಿಗೂ ಬೆಂಕಿಪೊಟ್ಟಣದ ಗಾತ್ರದ ಒಂದು ವೈರ್‌ಲೆಸ್ ಮಾಡ್ಯೂಲ್. ತೊಟ್ಟಿಯ ಎರಡು ತಾಮ್ರದ ತಂತಿಗಳಿಗೆ ನೀರು ತಗುಲಿದೊಡನೆ ಅಲ್ಲಿನ ಬೋರ್ಡು ತನ್ನ ಮಾಡ್ಯೂಲಿಗೆ 'ನೀರು ಬಂದಿದೆ' ಎಂದು ತಿಳಿಸಬೇಕು. ಆ ಮಾಡ್ಯೂಲು ಅದನ್ನು ಗಾಳಿಯ ಮೂಲಕ ಹಿತ್ತಲಿನ ಮಾಡ್ಯೂಲಿಗೆ ರವಾನಿಸಬೇಕು. ಅದು ತನ್ನ ಬೋರ್ಡಿಗೆ ಒಪ್ಪಿಸಬೇಕು. ಆ ಬೋರ್ಡು ಮೋಟರು ಹಚ್ಚಬೇಕು. ಬೋರ್ಡಿಗೂ ಮಾಡ್ಯೂಲಿಗೂ ನಡುವೆ ನಡೆಯುವ ಮಾತಿಗೆ ಸೀರಿಯಲ್ ಸಂವಹನ ಎನ್ನುತ್ತಾರೆ. ಅಕ್ಷರಗಳು ಒಂದರ ಹಿಂದೊಂದು ಸಾಲಾಗಿ, ಪಾಳಿ ತಪ್ಪದೆ ಹೋಗುವ ವ್ಯವಸ್ಥೆ. ಇದನ್ನು ಓದಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೆಳಗಿನವರು ಮೇಲಿನವರಿಗೆ ಬರೆಯುವುದು, ಮೇಲಿನವರು ಇನ್ನೊಂದು ಕಚೇರಿಗೆ ಕಳುಹಿಸುವುದು, ಅಲ್ಲಿ ಮತ್ತೆ ಕೆಳಗಿಳಿಯುವುದು, ಕೊನೆಗೊಮ್ಮೆ ಯಾರೋ ಎದ್ದು ಸ್ವಿಚ್ ಒತ್ತುವುದು. ಇದೆಲ್ಲ ನಾನು ಇಪ್ಪತ್ತು ವರ್ಷಗಳಿಂದ ಬಲ್ಲ ಪದ್ಧತಿಯೇ ಆಗಿತ್ತು. ಇದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡೆ. ಅಲ್ಲಿಯೇ ಎಡವಿದೆ.

ಬಿಡಿಭಾಗಗಳು ಅಂಚೆಯಲ್ಲಿ ಬಂದವು. ಭಾನುವಾರಗಳಂದು ಮತ್ತು ಉಳಿದ ದಿನ ಕಚೇರಿಗೆ ಹೊರಡುವ ಮುನ್ನ, ಊಟದ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಮಾಡ್ಯೂಲು ಜೀವಂತವಿದೆಯೇ ಎಂದು ತಿಳಿಯಲು ಅದಕ್ಕೆ 'ಎಟಿ' ಎಂಬ ಎರಡು ಅಕ್ಷರಗಳನ್ನು ಕಳುಹಿಸಬೇಕು. ಅದು 'ಓಕೆ' ಎಂದು ಉತ್ತರಿಸಬೇಕು. ನಾನು 'ಎಟಿ' ಎಂದು ಕಳುಹಿಸಿದೆ. ಉತ್ತರವಿಲ್ಲ. ಮತ್ತೆ ಕಳುಹಿಸಿದೆ. ಉತ್ತರವಿಲ್ಲ. ಮೊದಲ ವಾರ ನನಗೆ ಆತಂಕವೇ ಆಗಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಒಂದು ಪತ್ರಕ್ಕೆ ಒಂದು ವಾರದಲ್ಲಿ ಉತ್ತರ ಬಾರದಿರುವುದು ನನ್ನ ಅನುಭವದಲ್ಲಿ ದೋಷವಲ್ಲ. ಎರಡನೆಯ ವಾರ 'ಎಟಿ'ಯನ್ನೇ ನೆನಪೋಲೆಯೆಂಬಂತೆ ಪದೇಪದೇ ಕಳುಹಿಸಿದೆ. ಮೂರನೆಯ ವಾರ ಗಿರಿಜಾ ಮೇಜಿನ ಪಕ್ಕ ನಿಂತು, "ಇದು ಯಾವ ಜಾತಿ ಮೌನರಿ? ನನ್ನ ಅತ್ತಿ ಸಿಟ್ಟಾದಾಗೂ ಇಷ್ಟ ದಿನಾ ಮಾತ ಬಿಟ್ಟಿರಲಿಲ್ಲ" ಎಂದಳು. ಆಗ ನಾನು ಬೋರ್ಡು, ಮಾಡ್ಯೂಲು ಎರಡನ್ನೂ ಸ್ಟೀಲಿನ ಊಟದ ಡಬ್ಬಿಯಲ್ಲಿಟ್ಟುಕೊಂಡು ಖಾದರಸಾಬನ ಅಂಗಡಿಗೆ ಹೋದೆ.

ಖಾದರಸಾಬ ಬಸ್ ನಿಲ್ದಾಣದ ಹಿಂದೆ ರೇಡಿಯೋ, ಟಿವಿ, ಮಿಕ್ಸರ್ ದುರಸ್ತಿ ಮಾಡುವವನು. ಅವನ ತಂದೆಯೂ ಅದೇ ಕುರ್ಚಿಯಲ್ಲಿ ಕುಳಿತು ಗಡಿಯಾರ ದುರಸ್ತಿ ಮಾಡುತ್ತಿದ್ದರು. ನನ್ನನ್ನು ಕಂಡೊಡನೆ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯನ್ನು ತೆಗೆಯದೆಯೇ ಸ್ವಾಗತಿಸಿದ.

"ಬರ್ರಿ ಸಾಹೇಬ್ರ. ಮಿಕ್ಸರೇನು, ಫ್ಯಾನೇನು?"

"ಎರಡೂ ಅಲ್ಲ ಖಾದರಸಾಬ. ಮೈಕ್ರೋಕಂಟ್ರೋಲರ್."

"ಯಾ ಅಲ್ಲಾ! ಈ ವಯಸ್ಸಿನ್ಯಾಗ ಇದನ್ನ ಯಾಕ ಹಚಗೊಂಡ್ರಿ?" ಎನ್ನುತ್ತ ಬೋರ್ಡನ್ನು ಬೆಳಕಿಗೆ ಹಿಡಿದ. ಸ್ವಲ್ಪ ಹೊತ್ತು ಆ ಕಡೆ ಈ ಕಡೆ ತಿರುಗಿಸಿದ. "ಈ ಆವಕ, ಜಾವಕ ಅಂತ ಚೀಟಿ ಯಾರು ಹಚ್ಯಾರ?"

ಇಲ್ಲಿ ಒಂದು ವಿವರಣೆ ಅಗತ್ಯ. ಕಚೇರಿಯಲ್ಲಿ ನಾನು ಟಪಾಲು ಶಾಖೆಯವನು. ಒಳಬರುವ ಕಾಗದಕ್ಕೆ ಆವಕ ವಹಿ, ಹೊರಹೋಗುವ ಕಾಗದಕ್ಕೆ ಜಾವಕ ವಹಿ. ಒಂದರದು ಇನ್ನೊಂದರಲ್ಲಿ ಬೆರೆಯಕೂಡದು ಎಂಬುದು ಶಾಖೆಯ ಮೊದಲ ಪಾಠ ಮತ್ತು ಕೊನೆಯ ಪಾಠ. ಬೋರ್ಡಿನ ಮೇಲೆ ತಂತಿ ಸಿಕ್ಕಿಸುವ ಒಂದು ಕಾಲಿಗೆ ಟಿಎಕ್ಸ್, ಇನ್ನೊಂದಕ್ಕೆ ಆರ್‌ಎಕ್ಸ್ ಎಂದು ಬರೆದಿತ್ತು. ಮೊದಲನೆಯದು ಕಳುಹಿಸುವುದು, ಎರಡನೆಯದು ಸ್ವೀಕರಿಸುವುದು. ಮಾಡ್ಯೂಲಿನ ಮೇಲೂ ಹಾಗೆಯೇ. ನಾನು ನಾಲ್ಕಕ್ಕೂ ದುಂಡಗಿನ ಅಕ್ಷರಗಳಲ್ಲಿ ಚೀಟಿ ಬರೆದು ಅಂಟಿಸಿ, ಬೋರ್ಡಿನ ಜಾವಕವನ್ನು ಮಾಡ್ಯೂಲಿನ ಜಾವಕಕ್ಕೂ, ಬೋರ್ಡಿನ ಆವಕವನ್ನು ಮಾಡ್ಯೂಲಿನ ಆವಕಕ್ಕೂ ಅತ್ಯಂತ ಶಿಸ್ತಿನಿಂದ ಜೋಡಿಸಿದ್ದೆ. ಜಾವಕಕ್ಕೆ ಕೆಂಪು ತಂತಿ, ಆವಕಕ್ಕೆ ಹಸಿರು.

"ಚೀಟಿ ನಾನೇ ಹಚ್ಚೀನಿ," ಎಂದೆ.

"ಅಕ್ಷರ ಭಾಳ ಛಂದ ಅದಾವ," ಎಂದು ಖಾದರಸಾಬ ಬೋರ್ಡನ್ನು ಕೆಳಗಿಟ್ಟ. "ಒಂದು ಮಾತು ಕೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ. ನಿಮ್ಮ ಕಚೇರಿ ಜಾವಕದಾಗಿಂದ ಒಂದು ಕಾಗದ ಯಲಬುರ್ಗಾ ಕಚೇರಿಗೆ ಹೋತು ಅನ್ರಿ. ಅಲ್ಲಿ ಅದನ್ನ ಯಾವ ವಹಿಯಾಗ ಬರಕೊಂತಾರ?"

"ಆವಕದಾಗ. ಅದರಾಗ ಕೇಳೂದೇನೈತಿ?"

"ಜಾವಕದಾಗ ಯಾಕ ಬರಕೊಳ್ಳೂದಿಲ್ಲ?"

"ಅದ್ಹೆಂಗ ಬರಕೊಂತಾರ? ನಮ್ಮಿಂದ ಹೋದದ್ದು ಅವರಿಗೆ ಬಂದದ್ದು ಅಲ್ಲೇನು?"

ಖಾದರಸಾಬ ತಂತಿ ಬೆಸೆಯುವ ಕಾದ ಕಡ್ಡಿಯ ತುದಿಯನ್ನು ಒದ್ದೆ ಬಟ್ಟೆಗೆ ಒತ್ತಿದ. ಅದು ಚುಂಯ್ ಎಂದಿತು. ನನ್ನದೇ ಬಾಯಿಂದ ಹೊರಟ ಉತ್ತರವು ನನ್ನದೇ ತಲೆಗೆ ತಲುಪಲು ಅಷ್ಟು ಸಮಯ ಹಿಡಿಯಿತು. ನಾನು ಡಬ್ಬಿಯ ಮುಚ್ಚಳವನ್ನು ಸುಮ್ಮನೆ ತೆರೆದು ಮುಚ್ಚಿದೆ.

"ಮೂರು ವಾರದಿಂದ ಇವೆರಡೂ ಬಾಯಿಗೆ ಬಾಯಿ ಹಚ್ಚಿ ಒದರಾಕತ್ತಾವ್ರಿ," ಎಂದ ಖಾದರಸಾಬ. "ಕಿವಿಗೆ ಕಿವಿ ಹಚಗೊಂಡು ಕುಂತಾವ. ಪಾಪ, ಯಾರದು ಯಾರು ಕೇಳಬೇಕು? ಅಲ್ರಿ, ಆವಕ ಜಾವಕದಾಗ ಕೂದಲು ಬೆಳ್ಳಗ ಮಾಡಿಕೊಂಡಾವ್ರು ನೀವ ಹಿಂಗ ಮಾಡಿದ್ರ, ಮಿಕ್ಸರ್ ರಿಪೇರಿ ಮಾಡಾವ್ರು ನಾವೇನ್ ಮಾಡಬೇಕು?"

ಅವನು ಕೆಂಪು, ಹಸಿರು ತಂತಿಗಳನ್ನು ಅಡ್ಡಲಾಗಿ ಬದಲಿಸಿ ಬೆಸೆದುಕೊಟ್ಟ. ನನ್ನ ಚೀಟಿಗಳನ್ನು ಮಾತ್ರ ಕೀಳಲಿಲ್ಲ. "ಇರ್ಲಿ, ಛಂದ ಅದಾವ" ಎಂದ. ಚಹಾ ತರಿಸಿದ. ಆ ಚಹಾ ಕುಡಿಯುವಾಗ ನನಗೆ ಹೊಳೆದದ್ದನ್ನು ಇಲ್ಲಿ ದಾಖಲಿಸುವುದು ಸೂಕ್ತ. ಇಷ್ಟು ವರ್ಷ ನಾನು ಕಾಗದ ಹೊರಹೋದ ಮೇಲೆ ನನ್ನ ಕೆಲಸ ಮುಗಿಯಿತೆಂದೇ ತಿಳಿದಿದ್ದೆ. ಜಾವಕ ವಹಿಯಲ್ಲಿ ಸಂಖ್ಯೆ ಬಿದ್ದರೆ ನನ್ನ ಪಾಲಿಗೆ ಆ ಕಾಗದ ಮೋಕ್ಷ ಕಂಡಂತೆ. ಅದು ಇನ್ನೊಂದು ಊರಿನಲ್ಲಿ, ನನ್ನಂತೆಯೇ ಕನ್ನಡಕ ಹಾಕಿದ ಇನ್ನೊಬ್ಬರ ಮೇಜಿನ ಮೇಲೆ ಹೊಸದಾಗಿ ಹುಟ್ಟುತ್ತದೆ ಎಂಬುದನ್ನು ನಾನು ಒಮ್ಮೆಯೂ ಕಣ್ಣಮುಂದೆ ತಂದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, 'ಎಟಿ' ಎಂದು ಕಳುಹಿಸಿದೆ. ಉತ್ತರ ಬಂತು! ಪರದೆಯ ಮೇಲೆ ಚೌಕಗಳು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಗಳು, ಬಾಲವಿರುವ ಪರದೇಶಿ ಅಕ್ಷರಗಳು ಸರಸರನೆ ಮೂಡಿದವು.

"ಗಿರಿಜಾ, ಬಾ ಇಲ್ಲಿ! ಮಾತಾಡತು!"

ಅವಳು ರೊಟ್ಟಿ ಬಡಿಯುವ ಕೈಯಲ್ಲಿಯೇ ಬಂದು ಬಗ್ಗಿ ನೋಡಿದಳು. "ಇದು ಯಾವ ಭಾಷಾರಿ?"

"ಗೊತ್ತಿಲ್ಲ."

"ಆತು ಬಿಡ್ರಿ. ಮುನಿಸಿಕೊಂಡು ಕುಂದ್ರೂದಕ್ಕಿಂತ ಬೈಯೂದು ಛಲೋ," ಎಂದು ಹೇಳಿ, ಒಲೆಯ ಮೇಲಿನ ರೊಟ್ಟಿ ಸೀದೀತೆಂದು ಓಡಿದಳು.

ಈ ದೋಷದ ಮೂಲವನ್ನು ಮಾತ್ರ ನಾನೇ ಕಂಡುಹಿಡಿದೆ ಎಂಬುದನ್ನು ಸವಿನಯವಾಗಿ ನಿವೇದಿಸುತ್ತೇನೆ. ಸೇವೆಗೆ ಸೇರಿದ ಹೊಸತರಲ್ಲಿ ನಮಗೊಬ್ಬ ಅಧಿಕಾರಿಗಳಿದ್ದರು. ಅವರು ಉಕ್ತಲೇಖನ ಕೊಡುವಾಗ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಅವರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ನಾನು ಅದರ ಮೂರನೆಯ ಪದದಲ್ಲಿರುತ್ತಿದ್ದೆ. ಆಮೇಲೆ ನನ್ನ ಕೈಗೆ ಸಿಕ್ಕ ಪದಗಳನ್ನು ಒಂದಕ್ಕೊಂದು ಅಂಟಿಸಿ ಪತ್ರ ಮಾಡುತ್ತಿದ್ದೆ. ಹಾಗೆ ಕುಷ್ಟಗಿಗೆ ಹೋದ ಒಂದು ಪತ್ರವು 'ಸದರಿ ಪತ್ರವು ಯಾವ ವಿಷಯದ್ದೆಂಬುದನ್ನು ದಯವಿಟ್ಟು ತಿಳಿಸುವುದು' ಎಂಬ ಷರಾದೊಂದಿಗೆ ಹಿಂದಿರುಗಿತ್ತು. ಪರದೆಯ ಮೇಲಿನ ಚೌಕಗಳನ್ನು ನೋಡುತ್ತಿದ್ದಂತೆ ಆ ದಿನಗಳು ನೆನಪಾದವು. ಇವುಗಳಲ್ಲಿ ಹೇಳುವವರದೊಂದು ವೇಗ, ಬರೆದುಕೊಳ್ಳುವವರದೊಂದು ವೇಗ ಆಗಿರಬಹುದೇ? ಮಾಡ್ಯೂಲಿನೊಂದಿಗೆ ಬಂದಿದ್ದ ಕೈಪಿಡಿ ತೆಗೆದು ನೋಡಿದೆ. ಮಾಡ್ಯೂಲು ಒಂದು ವೇಗದಲ್ಲಿ ಹೇಳುತ್ತಿತ್ತು; ನನ್ನ ಬೋರ್ಡು ಅದಕ್ಕಿಂತ ಹನ್ನೆರಡು ಪಟ್ಟು ವೇಗದಲ್ಲಿ ಬರೆದುಕೊಳ್ಳಲು ಸಿದ್ಧವಾಗಿ ಕುಳಿತು, ಒಂದೊಂದು ಅಕ್ಷರವನ್ನೂ ಚೂರುಚೂರು ಮಾಡಿಕೊಳ್ಳುತ್ತಿತ್ತು. ಎರಡರ ವೇಗವನ್ನೂ ಒಂದೇ ಮಾಡಿದೆ. ಪರದೆಯ ಮೇಲೆ ಎರಡು ಅಕ್ಷರಗಳು ಶುಭ್ರವಾಗಿ ಮೂಡಿದವು: 'ಓಕೆ'.

ನಾನು ಎದ್ದು ನಿಂತೆ. ಏಕೆ ನಿಂತೆನೆಂದು ಹೇಳಲಾರೆ. ಅಧಿಕಾರಿಗಳು ಕೋಣೆಗೆ ಬಂದಾಗ ನಿಲ್ಲುವಂತೆ ನಿಂತೆ. ನಾನು ಬರೆದದ್ದಕ್ಕೆ, ನನಗೇ, ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ, ಅದೂ ಒಪ್ಪಿಗೆಯ ಉತ್ತರ ಬಂದದ್ದು ನನ್ನ ಸೇವಾವಧಿಯಲ್ಲಿ ಅದೇ ಮೊದಲು. ಇನ್ನೂ ಹತ್ತು ಬಾರಿ 'ಎಟಿ' ಎಂದು ಕೇಳಿದೆ, ಹತ್ತು ಬಾರಿಯೂ 'ಓಕೆ' ಎಂದಿತು. ಅದಕ್ಕೆ ಬೇಸರವಿರಲಿಲ್ಲ, ಸಭೆಯಿರಲಿಲ್ಲ, ಊಟದ ವೇಳೆಯಿರಲಿಲ್ಲ.

ಅಲ್ಲಿಂದ ಮುಂದೆ ಕೆಲಸ ಭರದಿಂದ ಸಾಗಿತು. ಊಟದ ಮೇಜಿನ ಒಂದು ತುದಿಯಲ್ಲಿ ಲೋಟಕ್ಕೆ ನೀರು ಸುರಿದರೆ ಇನ್ನೊಂದು ತುದಿಯಲ್ಲಿ, ಮೋಟರಿನ ಸ್ವಿಚ್ಚಿನ ಕೆಲಸ ಮಾಡಬೇಕಾದ ರಿಲೇ ಟಕ್ ಎನ್ನುತ್ತಿತ್ತು. ಹಿತ್ತಲಿನ ಬೋರ್ಡನ್ನು ಮೋಟರಿಗೆ ಜೋಡಿಸಲು ಖಾದರಸಾಬನೇ ಮನೆಗೆ ಬಂದ. ಗೇಟಿನ ಬೋರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ತೊಟ್ಟಿಯ ಒಳಗೋಡೆಗೆ ಸಿಕ್ಕಿಸಿದೆ. ತೊಟ್ಟಿಯ ಮುಚ್ಚಳ ತೆಗೆದು, ಬಕೆಟ್ಟಿನಿಂದ ನೀರು ಸುರಿದೆ. ಹಿತ್ತಲಲ್ಲಿ ಮೋಟರು ಗುರ್ರೆಂದಿತು. ಖಾದರಸಾಬ ನನ್ನ ಬೆನ್ನು ತಟ್ಟಿದ. ಕುಬಸಕ್ಕೆ ಎಂಟು ದಿನ ಉಳಿದಿತ್ತು, ಅಂದು ಗುರುವಾರ. ಮುಚ್ಚಳ ಮುಚ್ಚಿ, ಕೈ ತೊಳೆದುಕೊಂಡು, ವಿಜಯಿಯಾಗಿ ಕಚೇರಿಗೆ ಹೋದೆ. ಅದೇ ಮಧ್ಯಾಹ್ನ ನಿಜವಾದ ನೀರು ಬಂತು. ಯಂತ್ರ ಬಾಯಿ ಬಿಡಲಿಲ್ಲ. ತೊಟ್ಟಿ ತುಂಬಿ ಓಣಿಗೆ ಹರಿಯಿತು. ಹರಿಯುವ ಸದ್ದು ಕೇಳಿ ಗಿರಿಜಾಳೇ ಓಡಿಹೋಗಿ ಮೋಟರು ಹಚ್ಚಿದಳು.

ಸಂಜೆ ನಾನು ಬಂದಾಗ ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಟ್ರಂಕಿನ ಮೇಲೆ ತೆಗೆದಿಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ಮಡಚಿ ಒಳಗಿಡುತ್ತ, "ಇವತ್ತು ಗುರುವಾರ ಬಂತು. ಅಂದ್ರ ಎಂಟನೇ ದಿನ ಶುಕ್ರವಾರನ ಆತು. ಅಕ್ಕಗ ಫೋನ್ ಮಾಡಿ ಹೇಳಿಬಿಡ್ತೀನಿ. ಮೊದಲ ಉಡಿ ಬ್ಯಾರೆಯವ್ರ ಕಡಿಂದ ತುಂಬಸ್ಲಿ" ಎಂದಳು.

"ನಾಕ ದಿನಾ ತಡಿ," ಎಂದೆ. ನನ್ನ ದನಿ ಆದೇಶದಂತಿರಲಿಲ್ಲ, ಅರ್ಜಿಯಂತಿತ್ತು.

ಮುಂದಿನ ಮೂರು ಬೆಳಗು ನಾನು ಮಾಡದ ಪ್ರಯತ್ನವಿಲ್ಲ. ತಂತಿಗಳನ್ನು ಬಿಚ್ಚಿ ಜೋಡಿಸಿದೆ. ವೇಗವನ್ನು ಪುನಃ ಪರಿಶೀಲಿಸಿದೆ. ಆವಕ, ಜಾವಕ ಎರಡನ್ನೂ ಬೆರಳಿಟ್ಟು ಓದಿದೆ. ಎಲ್ಲವೂ ಕ್ರಮಬದ್ಧವಾಗಿತ್ತು. ಪ್ರತಿ ಸಲ ಮುಚ್ಚಳ ತೆಗೆದು ನೀರು ಸುರಿದೆ. ಪ್ರತಿ ಸಲ ಮೋಟರು ಹತ್ತಿತು. ಮುಚ್ಚಳ ಮುಚ್ಚಿ ಹಲ್ಲುಜ್ಜಲು ಹೋದೆ. ಹಿಂದಿರುಗಿ ಬರುವಷ್ಟರಲ್ಲಿ ಹಿತ್ತಲಿನ ಬೋರ್ಡಿನಲ್ಲಿ ಸಂಪರ್ಕವಿದೆಯೆಂದು ತೋರಿಸುವ ಹಸಿರು ದೀಪ ಆರಿರುತ್ತಿತ್ತು. ನಾನು ಎದುರಿಗಿದ್ದರೆ ದುಡಿಯುವುದು, ಮರೆಯಾದರೆ ಸುಮ್ಮನಾಗುವುದು. ಇಂಥ ಸಿಬ್ಬಂದಿಯನ್ನು ನಾನು ಕಂಡಿಲ್ಲದೆ ಇಲ್ಲ, ಆದರೆ ಯಂತ್ರದಿಂದ ಇದನ್ನು ನಿರೀಕ್ಷಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಿರಿಜಾ ಅಂಗಳಕ್ಕೆ ರಂಗೋಲಿ ಹಾಕುತ್ತ ನನ್ನ ಈ ಪರದಾಟವನ್ನು ನೋಡುತ್ತಿದ್ದಳು. ಕೊನೆಗೆ ರಂಗೋಲಿ ಬಟ್ಟಲು ಕೆಳಗಿಟ್ಟು ಬಂದಳು.

"ಅಲ್ರಿ, ನೀವು ನೀರು ಹಾಕೂ ಮುಂದ ಮುಚ್ಚಳಾ ತಗದಿರತೀರಿ."

"ತಗೀದ ನೀರು ಹೆಂಗ ಹಾಕ್ಲಿ?"

"ಖರೆ ನೀರು ಬರೂ ಮುಂದ ಮುಚ್ಚಳಾ ಹಾಕಿರತೈತಿ."

"ಹೌದು."

"ಮುಚ್ಚಳಾ ಕಬ್ಬಿಣದ್ದು."

"ಹೌದು. ಅದಕ್ಕ?"

"ಅದಕ್ಕೇನೋ ನನಗೇನ್ ಗೊತ್ತು? ಲಿಫ್ಟಿನ್ಯಾಗ ಹೊಕ್ಕರ ನನ್ನ ಫೋನ್ ಕಟ್ಟ ಆಕ್ಕೈತಿ. ಇದಕ್ಕೂ ಹಂಗ ಉಸಿರು ಕಟ್ಟತಿರಬೇಕು ಪಾಪ."

ಮೂರು ದಿನ ನಾನು ತಂತಿಯೊಳಗಿನ ಮಾತನ್ನಷ್ಟೇ ತಪಾಸಿಸುತ್ತಿದ್ದೆ. ತಂತಿ ಮುಗಿದ ಮೇಲೆ ಮಾತು ಗಾಳಿಯಲ್ಲಿ ಹೋಗಬೇಕು, ಅದರ ದಾರಿಗೆ ನಾನೇ ನನ್ನ ಕೈಯಿಂದ ಕಬ್ಬಿಣದ ಬಾಗಿಲು ಹಾಕಿ ಹೋಗುತ್ತಿದ್ದೇನೆ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ಬೋರ್ಡನ್ನೂ ಮಾಡ್ಯೂಲನ್ನೂ ತೊಟ್ಟಿಯಿಂದ ಮೇಲೆತ್ತಿ ಕಂಪೌಂಡ್ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ; ತಾಮ್ರದ ಎರಡು ತಂತಿಗಳಷ್ಟೇ ಮುಚ್ಚಳದ ಸಂದಿಯಿಂದ ಕೆಳಗಿಳಿದವು. ಮುಚ್ಚಳ ಹಾಕಿದೆ. ಗಿರಿಜಾ ಸಂದಿಯಲ್ಲಿ ಕೊಳವೆಯಿಟ್ಟು ನೀರು ಬಿಟ್ಟಳು. ಹಿತ್ತಲಿನಿಂದ ಗುರ್ರೆಂಬ ಸದ್ದು ಬಂತು. ಅವಳು ಒಳಗೆ ಹೋಗಿ ಟ್ರಂಕಿನಿಂದ ಹಸಿರು ಸೀರೆಯನ್ನು ಪುನಃ ಹೊರಗೆ ತೆಗೆದಳು. ಈ ಯಂತ್ರದ ಶೋಧನೆಯಲ್ಲಿ ಆಕೆಯ ಪಾಲು ಎಷ್ಟು ಎಂಬುದನ್ನು ನಿರ್ಧರಿಸಲು ನಾನು ಸಮರ್ಥನಲ್ಲ. ಆದರೆ ಖಾದರಸಾಬನಿಗೆ ವರದಿ ಮಾಡುವಾಗ 'ದೋಷ ಪತ್ತೆಹಚ್ಚಲಾಯಿತು' ಎಂದಷ್ಟೇ ಹೇಳಿದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಶುಕ್ರವಾರ ಬಂತು. ಹಿಂದಿನ ದಿನದವರೆಗೂ ಮತ್ತೆ ನೀರು ಬಂದಿರಲಿಲ್ಲ. ಗಿರಿಜಾ ಮೊದಲ ಬಸ್ಸಿಗೆ ಗಂಗಾವತಿಗೆ ಹೊರಟಳು. ಬಸ್ಸಿನ ಕಿಟಕಿಯಿಂದ, "ನೀವು ಆಫೀಸಿಗೆ ಹೋಗೂ ಮುಂದ ಹಿತ್ತಲ ಬಾಗಲಾ ಹಾಕ್ರಿ. ಯಂತ್ರ ಕೈ ಕೊಟ್ರೂ ಪರವಾಗಿಲ್ಲ, ನಾ ಇವತ್ತ ಅದರ ಚಿಂತಿ ಮಾಡೂದಿಲ್ಲ" ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಕೈ ಕೊಡುವುದೆಂದರೇನು? ಆದರೆ ಮನೆಗೆ ಹಿಂದಿರುಗುವ ದಾರಿಯಲ್ಲಿ ನನ್ನೊಳಗಿನ ಅನುಭವಸ್ಥನು ತಲೆಯೆತ್ತಿದ. ಯಂತ್ರವು ಈವರೆಗೆ ಬಕೆಟ್ ನೀರಿಗೂ ಕೊಳವೆ ನೀರಿಗೂ ಮಾತ್ರ ಸ್ಪಂದಿಸಿದೆ; ನಳದ ನೀರಿಗೆ ಅಧಿಕೃತವಾಗಿ ಒಮ್ಮೆಯೂ ಅಲ್ಲ. ಪ್ರಥಮ ಕಾರ್ಯಾಚರಣೆಯ ವೇಳೆ ಜವಾಬ್ದಾರಿಯುತರೊಬ್ಬರು ಸ್ಥಳದಲ್ಲಿ ಹಾಜರಿರುವುದು ಸೂಕ್ತವಲ್ಲವೇ? ಕಚೇರಿಗೆ ಫೋನು ಮಾಡಿ ಒಂದು ದಿನದ ಸಾಂದರ್ಭಿಕ ರಜೆ ಕೋರಿದೆ. ಅತ್ತಲಿನವರು "ಆರಾಮ ಅದೀರಲ್ರಿ?" ಎಂದು ಗಾಬರಿಯಿಂದ ವಿಚಾರಿಸಿದರು. ಜ್ವರವಿಲ್ಲದೆ ನಾನು ರಜೆ ಹಾಕಿದ್ದು ಅದೇ ಮೊದಲು.

ಬೆಳಿಗ್ಗೆ ಎಂಟಕ್ಕೆ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕುಳಿತೆ. ಹತ್ತಾಯಿತು, ಹನ್ನೆರಡಾಯಿತು. ಅವಲಕ್ಕಿಯನ್ನು ಕುರ್ಚಿಯ ಮೇಲೆಯೇ ತಿಂದೆ. ಓಣಿಯಲ್ಲಿ ಹೋಗಿ ಬರುವವರು, "ಯಾರಿಗೆ ಕಾಯಾಕತ್ತೀರಿ?" ಎಂದು ಕೇಳಿದರು. ಎರಡೂವರೆಯ ಸುಮಾರಿಗೆ ನಳವು ಬುಸುಗುಟ್ಟಿತು. ನನ್ನ ಕಾಲುಗಳು ತಾವಾಗಿಯೇ ಹಿತ್ತಲಿನ ಕಡೆಗೆ ಹೊರಟವು. ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದು ಅವನ್ನು ತಡೆದೆ. ಮುಚ್ಚಳದ ಕೆಳಗೆ ನೀರು ಬೀಳುವ ಸದ್ದು. ಒಂದು ನಿಮಿಷ. ಎರಡು ನಿಮಿಷ. ಆಮೇಲೆ ಹಿತ್ತಲಿನಿಂದ, ಯಾರೂ ಇಲ್ಲದ ಹಿತ್ತಲಿನಿಂದ, ಮೋಟರಿನ ಆ ದಪ್ಪ ದನಿ. ನನ್ನ ಕಣ್ಣುಗಳು ತುಂಬಿ ಬಂದವು ಎಂದು ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ.

ತಕ್ಷಣ ಗಂಗಾವತಿಗೆ ಫೋನು ಮಾಡಿದೆ. ಹಿಂದೆ ಬಳೆಗಳ ಸದ್ದು, ಹೆಂಗಸರ ಹಾಡು. ಗಿರಿಜಾ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು.

"ಗಿರಿಜಾ, ನೀರು ಬಂತು. ಯಾರ ಕೈಯೂ ತಾಗಿಲ್ಲ. ಯಂತ್ರ ತಾನ ಮೋಟರು ಹಚ್ಚೇತಿ!"

ಅಲ್ಲಿ ಒಂದು ಕ್ಷಣ ಹಾಡು ನಿಂತು ಚಪ್ಪಾಳೆ ಎದ್ದಿತು. "ನಮ್ಮ ತಂಗಿ ಗಂಡ ಇಂಜಿನೇರ್ ಆಗ್ಯಾರ ನೋಡ್ರಿ!" ಎಂದು ನೀಲಮ್ಮ ಕೂಗಿದಳು. ಗಿರಿಜಾಳ ದನಿಯಲ್ಲಿ ನಾನು ಎಷ್ಟೋ ವರ್ಷಗಳಿಂದ ಕೇಳದಿದ್ದ ಹಗುರತನವಿತ್ತು. "ಖರೇನ? ಟಾಕಿ ತುಂಬಾಕತ್ತೈತೇನು? ಇಲ್ಲೆ ನಾ ಈಗರ ಉಡಿ ತುಂಬಿದ್ನಿರಿ. ಮೊದಲ ಉಡಿ ನಂದ. ಸವಿತಾ ಅತ್ಲು." ಆಮೇಲೆ ಕೇಳಿದಳು: "ಅಲ್ರಿ, ನೀವು ಆಫೀಸಿನ್ಯಾಗ ಇದ್ದು ಮೋಟರು ಹತ್ತಿದ್ದು ಹೆಂಗ ಗೊತ್ತಾತು?"

"ಆಫೀಸಿನ್ಯಾಗ ಇಲ್ಲ. ಮನ್ಯಾಗ ಅದೀನಿ."

"ಮನ್ಯಾಗ?"

"ರಜಾ ಹಾಕೀನಿ. ಮುಂಜಾನಿ ಎಂಟರಿಂದ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಕುಂತೀನಿ."

ಫೋನಿನಲ್ಲಿ ಯಾವ ಸದ್ದೂ ಇರಲಿಲ್ಲ. ತಂತಿ ತಪ್ಪಾಗಿ ಜೋಡಿಸಿದ್ದಾಗಲೂ ನಾನು ಅಂಥ ಮೌನವನ್ನು ಕೇಳಿರಲಿಲ್ಲ. ಆಮೇಲೆ ಗಿರಿಜಾ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಹಿಂಗ ಒಂದಿನ ರಜಾ ಹಾಕಿ ಕುಂದ್ರಾಕ ಬರತೈತಿ ಅನ್ನೂದು ಈ ಆರು ವರ್ಷದಾಗ ನಿಮಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲಲ್ರಿ?" ಅಷ್ಟರಲ್ಲಿ ಹಿಂದಿದ್ದ ಹೆಂಗಸರೆಲ್ಲ ಒಮ್ಮೆಲೇ ನಗತೊಡಗಿದರು, ಕೊನೆಗೆ ಅವಳೂ ನಕ್ಕಳು. ಬಸುರಿ ಹುಡುಗಿ ನಗುನಗುತ್ತ ಕೆಮ್ಮಿದ್ದೂ ಕೇಳಿಸಿತು.

ಸದರಿ ಪ್ರಶ್ನೆಯು ನ್ಯಾಯಸಮ್ಮತವಾಗಿದ್ದು, ಅದಕ್ಕೆ ಉತ್ತರಿಸಲು ಕಾಲಾವಕಾಶ ಕೋರಿದ್ದೇನೆ. ಈ ನಡುವೆ ಗಿರಿಜಾ ಗಂಗಾವತಿಯಿಂದ ಬಂದವಳೇ, ಮುಂದಿನ ನೀರಿನ ದಿನ ಅಕ್ಕನ ಜೊತೆ ಮುನಿರಾಬಾದಿಗೆ ಹೋಗಿ ಆಣೆಕಟ್ಟು ನೋಡಿ ಬರುವುದಾಗಿ ತಿಳಿಸಿದ್ದಾಳೆ; ಅನುಮತಿ ಕೇಳಿಲ್ಲ, ತಿಳಿಸಿದ್ದಾಳೆ ಅಷ್ಟೇ. ನಾನು ಸಂತೋಷದಿಂದ ಒಪ್ಪಿದ್ದೇನೆ. ಯಂತ್ರದ ಮೇಲೆ ನನಗೆ ಸಂಪೂರ್ಣ ವಿಶ್ವಾಸವಿದೆ. ಅದಕ್ಕೆ ಈಗ ಯಾರ ಕಾವಲೂ ಅಗತ್ಯವಿಲ್ಲ. ಆದಾಗ್ಯೂ ಆ ದಿನಕ್ಕೂ ಒಂದು ರಜೆ ಅರ್ಜಿಯನ್ನು ಈಗಾಗಲೇ ಸಲ್ಲಿಸಲಾಗಿದೆ. ಕಾರಣ ಎಂಬ ಜಾಗದಲ್ಲಿ ಬಹಳ ಹೊತ್ತು ಯೋಚಿಸಿ, ಕೊನೆಗೆ ನಿಜವನ್ನೇ ಬರೆದೆ: ಗೇಟಿನ ಬಳಿ ಕುಳಿತು ಮೋಟರಿನ ಸದ್ದು ಕೇಳುವ ಸಲುವಾಗಿ.